ದಸ್ತಗಿರಿಯ ಪಾಠ

ನಾನು ಇಪ್ಪತ್ತು ವರ್ಷ ಪೊಲೀಸಿನವನಾಗಿದ್ದೆ. ಅಷ್ಟೂ ವರ್ಷದಲ್ಲಿ ಮೇಲುಕೇರಿಯ ಒಬ್ಬ ಕಳ್ಳನನ್ನೂ ಮುಟ್ಟಲಿಲ್ಲ. ಮೇಲುಕೇರಿಯಲ್ಲಿ ಕಳ್ಳರು ಇರಲಿಲ್ಲ ಎಂದಲ್ಲ. ಬೇಕಾದಷ್ಟು ಇದ್ದರು. ಅವರನ್ನು ನಾನು ಹಿಡಿದದ್ದೂ ಉಂಟು. ಮುಟ್ಟಲಿಲ್ಲ, ಅಷ್ಟೆ.

ಮುಟ್ಟದೆ ಹಿಡಿಯುವುದು ಹೇಗೆ ಎಂದು ಕೇಳುತ್ತೀರಿ. ಬಹಳ ಸುಲಭ. ಕಳ್ಳನ ಮನೆಯ ಎದುರಿಗೆ, ಬೀದಿಯ ಆಚೆ ಬದಿಯಲ್ಲಿ ನಿಲ್ಲಬೇಕು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕು. "ದಸ್ತಗಿರಿ ಆಗಿದ್ದೀರಿ ಬುದ್ಧೀ, ಒಸಿ ಠಾಣೆಗಂಟ ದಯಮಾಡುಸ್ಬೇಕು" ಎಂದು ಕೂಗಬೇಕು. ಕಳ್ಳ ಊಟ ಮುಗಿಸುತ್ತಾನೆ. ಎಲೆ ಅಡಿಕೆ ಹಾಕಿಕೊಳ್ಳುತ್ತಾನೆ. ಕೊಡೆ ಬಿಚ್ಚಿಕೊಂಡು ಮುಂದೆ ಹೊರಡುತ್ತಾನೆ. ಅವನ ಗಂಟು ಹೊತ್ತುಕೊಂಡು ಪೊಲೀಸು ಹಿಂದೆ ಹೋಗುತ್ತಾನೆ. ಒಮ್ಮೊಮ್ಮೆ ಆ ಗಂಟಿನಲ್ಲೇ ಕದ್ದ ಮಾಲು ಇರುತ್ತಿತ್ತು. ದಾರಿಯಲ್ಲಿ ನೋಡಿದವರಿಗೆ ಇಬ್ಬರಲ್ಲಿ ಕಳ್ಳ ಯಾರು ಎಂಬ ಅನುಮಾನವೇ ಬರುತ್ತಿರಲಿಲ್ಲ.

ನನ್ನ ಹೆಸರು ಮಾದಸ್ವಾಮಿ. ಹೊಲಗೇರಿಯವನು. ಇಲಾಖೆಯ ದಫ್ತರದಲ್ಲಿ ಮಾತ್ರ ಮಾದಸ್ವಾಮಿ, ಉಳಿದ ಕಡೆಯೆಲ್ಲ ಮಾದ. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಅಗರದ ಹೊಲಕ್ಕೆ ಕಾಲಿಟ್ಟರೆ ಅದು ಯಳಂದೂರು, ಮೈಸೂರಿನವರ ಸೀಮೆ. ಅಲ್ಲಿಗೆ ದಾಟಿದ ಕಳ್ಳ ಅಗರದ ಬದುವಿನ ಮೇಲೆ ನಿಂತು ನಮ್ಮ ಕಡೆ ಪಂಚೆ ಎತ್ತಿ ತೋರಿಸುತ್ತಿದ್ದ. ಅವನನ್ನೂ ನಾನು ಮುಟ್ಟುವಂತಿರಲಿಲ್ಲ. ಹೀಗೆ ಸೀಮೆಯಾಚೆಯವರನ್ನು ಬಿಟ್ಟು, ಮೇಲುಕೇರಿಯವರನ್ನು ಬಿಟ್ಟು, ಉಳಿದವರ ಮೇಲೆ ನಾನು ಬಹಳ ಶೂರನಾಗಿದ್ದೆ.

ನಾನಿದ್ದ ಠಾಣೆ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಡೆಯದು. ಹೆಸರು ಹೇಳುವುದಿಲ್ಲ. ಮಾನನಷ್ಟದ ಸೆಕ್ಷನ್ನನ್ನು ಪಾಠ ಮಾಡಿದವನು ನಾನು. ಹೇಳಿ ಸಿಕ್ಕಿಹಾಕಿಕೊಳ್ಳುವಷ್ಟು ದಡ್ಡನಲ್ಲ. ಅಷ್ಟು ದಡ್ಡನಲ್ಲ ಎಂದು ಅಂದುಕೊಂಡಿದ್ದೆ.

ನನ್ನ ಕೈಗೆ ಕೆಲಸವಿರಲಿಲ್ಲ ಎಂದು ಮಾತ್ರ ತಿಳಿಯಬೇಡಿ. ನೇಣು ಹಾಕಿಕೊಂಡವರನ್ನು ಇಳಿಸಿದ್ದು ಈ ಕೈ. ಕೆರೆಯಲ್ಲಿ ಊದಿಕೊಂಡವರನ್ನು ಎಳೆದದ್ದು ಈ ಕೈ. ಒಡೆಯರಪಾಳ್ಯದ ಕಾಡಿನಲ್ಲಿ ಜೇನು ಕೊಯ್ಯುವ ಸೋಲಿಗರನ್ನು ಹಿಡಿದು ತಂದದ್ದೂ, ನಮ್ಮ ಕೇರಿಯವರನ್ನೇ ಜುಟ್ಟು ಹಿಡಿದು ಠಾಣೆಗೆ ನೂಕಿದ್ದೂ ಈ ಕೈ. ಉಳಿದ ಪೊಲೀಸರು ಕೆಟ್ಟವರಲ್ಲ. ನಮ್ಮವರನ್ನು ಮುಟ್ಟಿದರೆ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು, ಅದೊಂದು ರಗಳೆ. ಠಾಣೆಯ ಅಷ್ಟೂ ಜನ ದಿನಾ ತಲೆ ನೆನೆಸುವ ಬದಲು ಒಬ್ಬ ಮಾದನನ್ನು ಇಟ್ಟುಕೊಳ್ಳುವುದು ಇಲಾಖೆಗೆ ಅನುಕೂಲವಾಗಿತ್ತು.

ಕೆಲಸ ಹೋದದ್ದೂ ಹೆಣದಿಂದಲೇ. ಮೇಲುಕೇರಿಯ ಸೇದುವ ಬಾವಿಗೆ ಒಬ್ಬ ಬಿದ್ದು ಸತ್ತ. ಆ ಬಾವಿಯ ಕಟ್ಟೆಯ ಹತ್ತಿರ ನಾನು ಸುಳಿದರೆ ಕಲ್ಲು ಬೀಳುತ್ತಿತ್ತು. ಅವತ್ತು ಅವರೇ ಸೊಂಟಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಸಿದರು. ಹೆಣಕ್ಕೆ ಹಗ್ಗ ಬಿಗಿದೆ. ಹೆಣ ಮೇಲೆ ಹೋಯಿತು. ನನ್ನ ಸರದಿ ಬಂತು. ಅರ್ಧ ಎಳೆದಿದ್ದರು, ಅಷ್ಟರಲ್ಲಿ ನಾನಿರುವ ಹಗ್ಗವನ್ನು ಹಿಡಿದವರ ಮಡಿಯೂ ಕೆಟ್ಟಂತೆಯೇ ಎಂಬ ಚರ್ಚೆ ಮೇಲೆ ಶುರುವಾಯಿತು. ಚರ್ಚೆ ಬಿಸಿಯಾದಂತೆ ಹಗ್ಗ ಸಡಿಲವಾಯಿತು. ಕೆಳಗೆ ಕಲ್ಲಿನ ಮೇಲೆ ಬಿದ್ದು ಮಂಡಿ ಚಿಪ್ಪು ಒಡೆಯಿತು. ಆಮೇಲೆ ಬಾವಿಗೆ ಎರಡು ಸಲ ಶುದ್ಧಿ ಮಾಡಿಸಿದರಂತೆ. ಹೆಣಕ್ಕೊಂದು, ನನಗೊಂದು.

ಕುಂಟ ಪೊಲೀಸು ಯಾರಿಗೆ ಬೇಕು? ಇಲಾಖೆ ಕೈ ಮುಗಿದು ಕಳಿಸಿಕೊಟ್ಟಿತು. ಮನೆಯಲ್ಲಿ ಕುಳಿತಿದ್ದೆ. ಒಂದು ದಿನ ಸಬ್ ಇನ್‌ಸ್ಪೆಕ್ಟರ್ ಗೋವಿಂದಯ್ಯ ಹೇಳಿಕಳಿಸಿದರು.

"ಲೇ ಮಾದ, ಕಾನೂನ್ ಪಾಠ ಹೇಳ್ತೀಯೇನ್ಲಾ?"

"ಯಾರ್ಗೆ ಸಾ?"

"ಮುನಸೀಫರ ಪರೀಕ್ಷೆಗೆ ಕೂರೋರ್ಗೆ. ಪಾಠ ಮಾಡುಸ್ಬೇಕು ಅಂತ ಮೇಲಿಂದ ಹುಕುಂ ಬಂದದೆ. ಕೊಳ್ಳೇಗಾಲದ ವಕೀಲರ್ನ ಕರುದ್ರೆ ದಾರಿ ಬರೀ ದೂಳು ಅಂದ್ರು. ನಿಂಗೆ ದೂಳೇನ್ ಹೊಸದಾ?"

ಮುನಸೀಫ ಎಂದರೆ ಆಗ ಊರಿಗೆ ದೊಡ್ಡವನು. ಕಂದಾಯ ಎತ್ತುವುದೂ ಅವನೇ, ಕಳ್ಳಕಾಕರನ್ನು ಹಿಡಿದು ಠಾಣೆಗೆ ಒಪ್ಪಿಸುವುದೂ ಅವನೇ. ಅಪ್ಪನ ನಂತರ ಮಗ ಆಗುತ್ತಿದ್ದ. ಮಗ ಕಾನೂನಿನ ಪರೀಕ್ಷೆಯೊಂದನ್ನು ಪಾಸು ಮಾಡಬೇಕಿತ್ತು. ಅಂಥ ಮಕ್ಕಳಿಗೆ ನಾನು ಮೇಷ್ಟ್ರು.

ಜವರಮ್ಮನಿಗೆ ಹೇಳಿದೆ. ಜವರಮ್ಮ ನನ್ನ ಹೆಂಡತಿ. ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ ನಕ್ಕಳು.

"ಕಟ್ಟಾಕಿರ ಎಮ್ಮೆ ನಿನ್ ಮಾತ್ ಕೇಳಕ್ಕಿಲ್ಲ. ಮೇಲ್ಕೇರಿಯೋರು ಕೇಳಾರಾ?"

"ಕಾನೂನ್ ಕಣಮ್ಮಿ. ಕೇಳ್ಲೇಬೇಕು."

"ಅಂಗಾರೆ ನಿನ್ನ ಬಾವಿ ಒಳೀಕೆ ಬುಟ್ಟೋರ್ಗೂ ಅದ್ನೇ ಯೋಳ್ಬೇಕಾಗಿತ್ತು" ಎಂದಳು. ಮತ್ತೆ ಬೀಸತೊಡಗಿದಳು.

ಪಾಠ ಊರ ಚಾವಡಿಯಲ್ಲಿ. ಶಿಷ್ಯರು ಮೇಲೆ ಜಗಲಿಯ ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಮೇಷ್ಟ್ರು ಕೆಳಗೆ ಅಂಗಳದ ಬಿಸಿಲಿನಲ್ಲಿ ನಿಲ್ಲುತ್ತಿದ್ದ. ಮಂಡಿ ನೋವು ಎಂದಾಗ ದಯೆ ತೋರಿಸಿ ಒಂದು ಒಡೆದ ಒರಳುಕಲ್ಲು ಉರುಳಿಸಿಕೊಟ್ಟರು. ಆಮೇಲೆ ಅದರ ಮೇಲೆ ಕುಳಿತು ಪಾಠ ಹೇಳಿದೆ.

ನನ್ನನ್ನು ಕರೆಯುವುದು ಹೇಗೆ ಎಂಬುದು ಅವರಿಗೆ ದೊಡ್ಡ ತೊಡಕಾಯಿತು. ಮೇಷ್ಟ್ರೇ ಎನ್ನಲು ನಾಲಿಗೆ ಏಳದು. ಲೇ ಮಾದ ಎಂದರೆ ಸರ್ಕಾರಿ ಹುಕುಮಿನ ಪಾಠಕ್ಕೆ ಮರ್ಯಾದೆಯಲ್ಲ. ಕೊನೆಗೆ ಒಂದು ದಾರಿ ಹುಡುಕಿಕೊಂಡರು. ಚಾವಡಿಯ ನಡುವಿನ ಕಂಬವನ್ನು ನೋಡಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಕಂಬದ ಪರವಾಗಿ ನಾನು ಉತ್ತರ ಹೇಳುತ್ತಿದ್ದೆ. "ಕನ್ನಕ್ಕೂ ದರೋಡೆಗೂ ಏನು ಯತ್ಯಾಸ?" ಎಂದು ಕಂಬವನ್ನು ಕೇಳಿದರೆ ನಾನು ಒರಳುಕಲ್ಲಿನ ಮೇಲಿನಿಂದ ಕೂಗುತ್ತಿದ್ದೆ. ಇಂಗ್ಲಿಷಿನಲ್ಲಿ ಹುಟ್ಟಿದ ಕಾನೂನು ಟ್ರೈನಿಂಗಿನಲ್ಲಿ ತಮಿಳಾಗಿ ನನ್ನ ಕಿವಿಗೆ ಬಿದ್ದಿತ್ತು. ಈಗ ಹೊಲಗೇರಿಯ ಕನ್ನಡವಾಗಿ ನನ್ನ ಬಾಯಿಂದ ಬರುತ್ತಿತ್ತು. ದಾರಿಯಲ್ಲಿ ಎಷ್ಟು ಸೋರಿತ್ತೋ ದೇವರಿಗೇ ಗೊತ್ತು.

ನನ್ನ ಶಿಷ್ಯರಲ್ಲಿ ಎಲ್ಲರಿಗಿಂತ ಜಾಣ ಕೆಂಪನಂಜಪ್ಪ. ಊರಿನ ದೊಡ್ಡ ಮನೆಯವನು, ಅಪ್ಪ ಮುನಸೀಫ. ಒಂದು ಸಲ ಹೇಳಿದರೆ ಸಾಕು, ಸೆಕ್ಷನ್ನು, ಶಿಕ್ಷೆ, ಎಲ್ಲ ಪಟಪಟನೆ ಒಪ್ಪಿಸುತ್ತಿದ್ದ. ಆ ವರ್ಷ, ಐವತ್ತೈದರಲ್ಲಿ, ಹೊಸ ಕಾನೂನು ಬಂದಿತ್ತು. ಜಾತಿ ಹಿಡಿದು ಯಾರನ್ನಾದರೂ ದೂರ ಇಟ್ಟರೆ, ಕೆರೆ ಬಾವಿ ಮುಟ್ಟಲು ಬಿಡದಿದ್ದರೆ, ಜೈಲು. ಅದನ್ನು ನಾನು ಅಂಗಳದಲ್ಲಿ ಕುಳಿತು ಜಗಲಿಯವರಿಗೆ ಹೇಳಿಕೊಟ್ಟೆ. ಕೆಂಪನಂಜಪ್ಪ ಒಂದಕ್ಷರ ತಪ್ಪದೆ ಕಂಬಕ್ಕೆ ಒಪ್ಪಿಸಿದ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಆಮೇಲೆ ನೀರಡಿಕೆ ಎಂದೆ. ಅವನೇ ಎದ್ದು ಮೇಲಿನಿಂದ ನನ್ನ ಬೊಗಸೆಗೆ ನೀರು ಸುರಿದ.

ಬರೀ ಬಾಯಿಪಾಠ ತಲೆಗೆ ಹತ್ತುವುದಿಲ್ಲ ಎಂದು ನಾನು ಆಟದ ಪಾಠ ಶುರುಮಾಡಿದೆ. ಒಬ್ಬ ಕಳ್ಳನಾಗಬೇಕು, ಒಬ್ಬ ಸಾಕ್ಷಿಯಾಗಬೇಕು, ಒಬ್ಬ ಹಿಡಿಯಬೇಕು. ಸಾಕ್ಷಿಯಾಗಲು ಎಲ್ಲರೂ ಸಿದ್ಧ. ಕಳ್ಳನಾಗಲು ಯಾರೂ ಒಲ್ಲರು. ಆಗ ಕಣ್ಣಿಗೆ ಬಿದ್ದವನು ದೊಡ್ಡಮಾದ. ಅವನು ಊರ ತೋಟಿ, ನಮ್ಮ ಕೇರಿಯವನೇ. ಚಾವಡಿ ಗುಡಿಸುವುದು, ಊರಲ್ಲಿ ಸಾರುವುದು, ಸತ್ತ ದನ ಎಳೆಯುವುದು ಅವನ ಕೆಲಸ. ಅಂದಿನಿಂದ ದೊಡ್ಡಮಾದ ನಮ್ಮ ಕಾಯಂ ಕಳ್ಳ. ಕೆಲವೇ ದಿನದಲ್ಲಿ ಅವನು ಕನ್ನ ಹಾಕಿದ, ದರೋಡೆ ಮಾಡಿದ, ಖೋಟಾ ನಾಣ್ಯ ಎರಕ ಹೊಯ್ದ, ಮೂರು ಕೊಲೆ ಮಾಡಿದ. ಕೊಲೆ ಮುಗಿದ ಮೇಲೆ ಚಾವಡಿ ಗುಡಿಸಿ ಮನೆಗೆ ಹೋಗುತ್ತಿದ್ದ. ಅವನಿಗೂ ಖುಷಿಯೇ. "ಇವತ್ತು ಏನ್ ಮಾಡಿವ್ನಿ ಮಾದಣ್ಣ?" ಎಂದು ಬರುವಾಗಲೇ ಕೇಳುತ್ತಿದ್ದ.

ಹೀಗಿರುವಾಗ ನಲವತ್ತಾರನೇ ಸೆಕ್ಷನ್ ಬಂತು. ದಸ್ತಗಿರಿ ಮಾಡುವ ರೀತಿ. ಹಿಡಿಯುವವನು ಆಸಾಮಿಯ ಮೈಯನ್ನು ನಿಜವಾಗಿ ಮುಟ್ಟಬೇಕು, ಇಲ್ಲವೇ ಕದಲದಂತೆ ತಡೆಯಬೇಕು. ಆಸಾಮಿ ತಾನೇ ಮಾತಿನಲ್ಲೋ ನಡೆಯಲ್ಲೋ ಒಪ್ಪಿಕೊಂಡರೆ ಮುಟ್ಟುವುದು ಬೇಕಿಲ್ಲ.

"ಕೋಲಲ್ಲಿ ಮುಟ್ಟುದ್ರೆ ಆಯ್ತದಾ?" ಎಂದು ಕೆಂಪನಂಜಪ್ಪ ಕಂಬವನ್ನು ಕೇಳಿದ.

"ಕಾನೂನಲ್ಲಿ ಮೈ ಅಂತ ಅದೆ ಬುದ್ಧಿ" ಎಂದೆ.

"ಒಪ್ಕಂಡ್ರೆ ಮುಟ್ಟಂಗಿಲ್ವಲ್ಲ? ಲೇ ದೊಡ್ಡಮಾದ, ಒಪ್ಕಂಡೇನ್ಲಾ?"

"ನಾನ್ಯಾವತ್ತು ಒಪ್ದೆ ಇದ್ದೆ ಬುದ್ಧಿ?" ಎಂದ ದೊಡ್ಡಮಾದ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಅಂಗಾರೆ ನೀನೇ ಕಟ್ಕಳ್ಳಾ."

ದೊಡ್ಡಮಾದ ಹಗ್ಗದ ಒಂದು ತುದಿಯನ್ನು ಅಂಗಳದ ದನ ಕಟ್ಟುವ ಗೂಟಕ್ಕೆ ಬಿಗಿದ. ಇನ್ನೊಂದನ್ನು ಹಲ್ಲಿನಿಂದ ಎಳೆದು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡ. ಚೊಕ್ಕವಾದ ದಸ್ತಗಿರಿ. ಯಾರ ಮಡಿಯೂ ಕೆಡಲಿಲ್ಲ. ಅದೇ ಹೊತ್ತಿಗೆ ಐವತ್ತೊಂಬತ್ತನೇ ಸೆಕ್ಷನ್ನನ್ನೂ ಹೇಳಿದೆ. ಕಣ್ಣೆದುರಿಗೆ ಅಪರಾಧ ನಡೆದರೆ ಪೊಲೀಸನಲ್ಲದವನೂ ಹಿಡಿದು ಠಾಣೆಗೆ ಒಪ್ಪಿಸಬಹುದು.

ಊಟದ ಹೊತ್ತಾಯಿತು. ಶಿಷ್ಯರು ಎದ್ದರು.

"ದೊಡ್ಡಮಾದನ್ನ ಬಿಚ್ಬುಡ್ಲಾ ಬುದ್ಧಿ?" ಎಂದೆ.

ಕೆಂಪನಂಜಪ್ಪ ಕಂಬದ ಕಡೆ ತಿರುಗಿದ. "ಕಸ್ಟಡೀಲಿರೋನ್ನ ಬಿಚ್ಚುದ್ರೆ ಬಿಚ್ದೋನ್ಗೆ ಏನ್ ಶಿಕ್ಷೆ?"

ಶಿಕ್ಷೆ ಎಷ್ಟೆಂದು ನಾನೇ ಹೇಳಿಕೊಟ್ಟಿದ್ದೆ. ಸುಮ್ಮನೆ ಬೇಲಿಯ ಮಗ್ಗುಲಿಗೆ ಹೋಗಿ ಜವರಮ್ಮ ಕಟ್ಟಿಕೊಟ್ಟ ಮುದ್ದೆ ಬಿಚ್ಚಿದೆ. ಅರ್ಧ ಮುರಿದು ದೊಡ್ಡಮಾದನಿಗೆ ಕೊಟ್ಟೆ. ಕೊಡಬಾರದು ಎಂದು ಯಾವ ಸೆಕ್ಷನ್ನೂ ಇರಲಿಲ್ಲ.

ಶಿಷ್ಯರು ಉಂಡರು, ಮಲಗಿದರು. ಬಿಸಿಲು ಇಳಿಯುವ ಹೊತ್ತಾದರೂ ಬರಲಿಲ್ಲ. ದೊಡ್ಡಮಾದ ಗೂಟದ ಹತ್ತಿರವೇ ಕುಕ್ಕರಗಾಲಿನಲ್ಲಿ ಕುಳಿತಿದ್ದ. ತುಟಿ ಬಿಳಚಿಕೊಂಡಿತ್ತು.

"ಮಾದಣ್ಣ, ನೀರು."

ನನ್ನ ಹತ್ತಿರ ನೀರಿರಲಿಲ್ಲ. ನಮ್ಮ ಕೇರಿಯ ನೀರಿನ ಗುಂಡಿಗೆ ಅರ್ಧ ಮೈಲಿ. ಜಗಲಿಯ ಮೇಲೆ ಮಡಕೆ ತುಂಬ ನೀರಿತ್ತು. ಹೋಗಿ ತರುತ್ತೇನೆ ಎಂದು ನಾನು ಕುಂಟಿಕೊಂಡು ನಮ್ಮ ಕೇರಿಯ ಕಡೆಗೇ ಹೊರಟೆ. ಕಾನೂನು ಮೇಷ್ಟ್ರಿಗೆ ಮಡಕೆ ಕಣ್ಣಿಗೆ ಬೀಳಲೇ ಇಲ್ಲ. ದೊಡ್ಡಮಾದನಿಗೆ ಬಿತ್ತು. ತಾನೇ ಕಟ್ಟಿಕೊಂಡ ಗಂಟನ್ನು ತಾನೇ ಬಿಚ್ಚಿಕೊಂಡ. ಜಗಲಿ ಹತ್ತಿದ. ಎರಡೂ ಕೈಯನ್ನು ಮಡಕೆಗೆ ಅದ್ದಿ ಕುಡಿದ.

ಶಿಷ್ಯರು ಬಂದದ್ದು ಆಗಲೇ. ಗದ್ದಲ ಕೇಳಿ ನಾನು ತಿರುಗಿ ಓಡಿದೆ. ಓಡಿದೆ ಎಂಬುದು ಸುಳ್ಳು, ಕುಪ್ಪಳಿಸಿದೆ. ಪಾಠಕ್ಕೆಂದು ನಾನು ತಂದಿಟ್ಟಿದ್ದ ಹಳೆಯ ಲಾಠಿ ಕೆಂಪನಂಜಪ್ಪನ ಕೈಯಲ್ಲಿತ್ತು.

ಮೊದಲ ಏಟು ಬಿದ್ದಾಗ ದೊಡ್ಡಮಾದ ನಕ್ಕ. ಪಾಠದ ಏಟು ಎಂದುಕೊಂಡ. ಕಸ್ಟಡಿಯಿಂದ ತಪ್ಪಿಸಿಕೊಂಡ ಕಳ್ಳನಿಗೆ ಹೀಗೇ ಇರಬೇಕು ಎಂದುಕೊಂಡ. ಎರಡನೆಯದು ಬೆರಳ ಗಂಟಿಗೆ ಬಿತ್ತು. ಆಗಲೂ ಅರ್ಧ ನಗು ಮುಖದಲ್ಲಿತ್ತು. ಮೂರನೆಯದು ತಲೆಗೆ. ನಗು ಹೋಯಿತು. ಅವನು ನನ್ನ ಕಡೆ ನೋಡಿದ. ಇದು ಯಾವ ಪಾಠ ಎಂದು ಕೇಳುವ ಹಾಗೆ ನೋಡಿದ. ಆ ನೋಟವನ್ನು ನೆನೆದರೆ ಇವತ್ತಿಗೂ ನನಗೆ ಅನ್ನ ಸೇರುವುದಿಲ್ಲ.

"ಬುಡಿ ಬುದ್ಧೀ!" ಎಂದು ಕೂಗಿದೆ. ಬಿಡಲಿಲ್ಲ. ಬೇರೇನು ಕೂಗಬೇಕೋ ತಿಳಿಯದೆ ಸೆಕ್ಷನ್ ಕೂಗಿದೆ. "ಮುನ್ನೂರ ಇಪ್ಪತ್ಮೂರು! ಬುದ್ಧೀ, ಮುನ್ನೂರ ಇಪ್ಪತ್ಮೂರು!"

"ಒಂದು ವರ್ಷ, ಇಲ್ದಿದ್ರೆ ಜುಲ್ಮಾನೆ" ಎಂದ ಕೆಂಪನಂಜಪ್ಪ, ಏಟಿನ ನಡುವೆ. ಸರಿಯಾದ ಉತ್ತರ. ಹೇಳಿದೆನಲ್ಲ, ಅವನು ನನ್ನ ಎಲ್ಲರಿಗಿಂತ ಜಾಣ ಶಿಷ್ಯ. ನೀರಿನ ಮಡಕೆಯನ್ನು ಕಾಲಿನಲ್ಲಿ ಒದ್ದ. ಅದು ಜಗಲಿಯಿಂದ ಉರುಳಿ ನನ್ನ ಕಾಲ ಹತ್ತಿರ ಒಡೆಯಿತು. ದೊಡ್ಡಮಾದನ ಕಿವಿಯ ಹಿಂದೆ ರಕ್ತ ಇಳಿಯಿತು.

ನಾನು ಜಗಲಿ ಹತ್ತಿದೆ. ವೀರನ ಹಾಗೆ ನೆಗೆದೆ ಎಂದು ಬರೆಯಲು ಆಸೆ. ಮಂಡಿ ಮಡಚದು. ಎರಡು ಕೈ ಊರಿ, ಹೊಟ್ಟೆ ಎಳೆದುಕೊಂಡು, ಮಗುವಿನ ಹಾಗೆ ಅಂಬೆಗಾಲಿನಲ್ಲಿ ಹತ್ತಿದೆ. ಕಂಬವನ್ನು ತಬ್ಬಿ ಎದ್ದು ನಿಂತೆ. ಇನ್ನೊಂದು ಏಟಿಗೆ ಕೆಂಪನಂಜಪ್ಪ ಲಾಠಿ ಎತ್ತಿದ್ದ. ನಾನು ಅವನ ಭುಜದ ಮೇಲೆ ಕೈ ಇಟ್ಟೆ.

ಲಾಠಿ ಅವನ ಕೈಯಿಂದ ಬಿತ್ತು. ದೊಡ್ಡಮಾದ ಎತ್ತಿಕೊಂಡ. ಹೊಡೆಯಲಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತ.

"ದಸ್ತಗಿರಿ ಮಾಡಿವ್ನಿ" ಎಂದೆ. ನನ್ನ ದನಿ ಕೀರಲಾಗಿ ಬಂತು.

"ಕೈ ತಗಿ." ಅವತ್ತು ಅವನು ಕಂಬ ನೋಡಲಿಲ್ಲ. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

"ತಗ್ಯಕ್ಕಿಲ್ಲ. ಐವತ್ತೊಂಬತ್ತು. ಬೆಳಗ್ಗೆ ಯೋಳ್ಕೊಟ್ಟಿವ್ನಿ. ನಡಿ ಠಾಣೆಗೆ."

ಬುದ್ಧಿ ಎನ್ನುವುದು ಬಾಯಿಗೆ ಬರಲಿಲ್ಲ. ಉಳಿದ ಶಿಷ್ಯರು ಸುತ್ತ ನಿಂತರು. ನನ್ನ ಕೈ ಕೀಳಬೇಕಾದರೆ ನನ್ನನ್ನು ಮುಟ್ಟಬೇಕು. ಅವರಲ್ಲಿ ಯಾರಿಗೂ ಆ ಹೊತ್ತಿನಲ್ಲಿ ಮತ್ತೆ ಸ್ನಾನ ಮಾಡುವ ಮನಸ್ಸಿರಲಿಲ್ಲ. ಕೆಂಪನಂಜಪ್ಪ ಹಲ್ಲು ಕಡಿದ. "ನಡಿ, ಗೋವಿಂದಯ್ಯನ ಮುಂದೇನೇ ನೋಡಾನ" ಎಂದ.

ಬೀದಿಯಲ್ಲಿ ನಡೆದೆವು. ಅವನು ಮುಂದೆ, ಅವನ ಭುಜದ ಮೇಲೆ ನನ್ನ ಕೈ, ಹಿಂದೆ ತಲೆ ಒಡೆದ ದೊಡ್ಡಮಾದ. ಮೇಲುಕೇರಿಯ ಬಾಗಿಲುಗಳಲ್ಲಿ ಜನ ತುಂಬಿದರು. ನನ್ನ ಮಂಡಿ ಉರಿಯುತ್ತಿತ್ತು. ಎರಡು ಹೆಜ್ಜೆಗೊಮ್ಮೆ ಭಾರವನ್ನೆಲ್ಲ ಅವನ ಭುಜಕ್ಕೆ ಹಾಕುತ್ತಿದ್ದೆ. ಕತೆ ಗೊತ್ತಿಲ್ಲದವರಿಗೆ ಯಾರೋ ಪುಣ್ಯಾತ್ಮ ಕುಂಟನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋಗುತ್ತಿದ್ದಾನೆ ಎನಿಸಿರಬೇಕು. ಅವನ ಅಂಗಿ ಬೆವರಿತು. ನನ್ನ ಅಂಗೈಯೂ ಬೆವರಿತು. ಭಯವಾಗಿತ್ತು. ಬಹಳ ಭಯವಾಗಿತ್ತು. ಆದರೂ ಕೈ ತೆಗೆಯಲಿಲ್ಲ.

ಠಾಣೆಯ ಅಂಗಳದಲ್ಲಿ ಗೋವಿಂದಯ್ಯ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ನಮ್ಮನ್ನು ನೋಡಿ ಎದ್ದರು. ಪಕ್ಕದಲ್ಲಿ ಗುರುಸಿದ್ದಯ್ಯ. ಅವನೂ ನಾನೂ ಎಷ್ಟೋ ವರ್ಷ ಜೊತೆಯಲ್ಲಿ ಗಸ್ತು ತಿರುಗಿದವರು. ಅವನು ರಸ್ತೆಯ ಈ ಬದಿ, ನಾನು ಆ ಬದಿ.

"ಕೈ ತಗೀಲೇ ಮಾದ! ಏನ್ಲಾ ಇದು?"

ಹೇಳಿದೆ. ಆಟದ ಪಾಠ, ನೀರು, ಲಾಠಿ, ರಕ್ತ, ಹೊಸ ಕಾನೂನು, ಐವತ್ತೊಂಬತ್ತು. ದೊಡ್ಡಮಾದನ ದೂರು ಬರೆದುಕೊಳ್ಳಿ ಎಂದೆ. ನನಗೆ ಬೇಕಾದ್ದು ಅದೊಂದೇ. ಅವನ ಮೇಲೆ ಬಿದ್ದ ಏಟು ನಿಜವಾದ ಏಟು ಎಂದು ಸರ್ಕಾರದ ಕಾಗದದಲ್ಲಿ ಬರೆಯಬೇಕು.

ಗೋವಿಂದಯ್ಯ ಒಳಗಿನಿಂದ ಪುಸ್ತಕ ತರಿಸಿದರು. ಬೆರಳಿಟ್ಟು ಓದಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಮೇಷ್ಟ್ರೇ! ಪೊಲೀಸಲ್ದೋನು ಹಿಡೀಬೇಕಾದ್ರೆ ಜಾಮೀನು ಸಿಗದಂಥ ಅಪರಾಧ ಆಗಿರ್ಬೇಕು ಕಣ್ಲಾ. ಇಲ್ಲೇ ಬರ್ದದೆ. ಇವರು ಮಾಡಿದ್ರೂ ಅದು ಜಾಮೀನು ಸಿಗೋದೇ. ನಿನ್ ದಸ್ತಗಿರೀನೇ ಸುಳ್ಳು!"

ನಿಜ. ಒಂದು ಮಾತು ಬಿಟ್ಟು ಪಾಠ ಹೇಳಿದ್ದೆ, ಅದೇ ಪಾಠವನ್ನು ಆಡಿದ್ದೆ. ನಮ್ಮನ್ನು ನಾಯಿಗಿಂತ ಕಡೆಯಾಗಿ ಕಾಣುವುದು ಜಾಮೀನು ಸಿಗುವ ಅಪರಾಧ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕೈ ತೆಗೆದೆ. ಎಲ್ಲರೂ ನಕ್ಕರು. ಅಭ್ಯಾಸ ಬಲ, ನನಗೂ ನಗು ಬಂತು.

ಕೆಂಪನಂಜಪ್ಪ ಭುಜ ಕೊಡವಿಕೊಂಡ. "ನನ್ನ ಮೈ ಮುಟ್ಟಿ ಬೀದೀಲಿ ಮೆರ್ಸವ್ನೆ. ಅಕ್ರಮ ತಡೆ. ಮುನ್ನೂರ ನಲವತ್ತೊಂದು. ಬರ್ಕಳಿ ನನ್ನ ದೂರ್ನ" ಎಂದ. ಅದೂ ನಾನೇ ಕಲಿಸಿದ್ದು.

ಅವನ ದೂರು ಆ ಕ್ಷಣವೇ ಬರೆದಾಯಿತು. ದೊಡ್ಡಮಾದ ಮುಂದೆ ಬಂದು ತಲೆ ತೋರಿಸಿದ.

"ಪಾಠದಲ್ಲಿ ಬಿದ್ದ ಏಟು. ಅದು ನಾಟಕ ಕಣ್ಲಾ, ಅದ್ಕೆಲ್ಲ ಕೇಸಿಲ್ಲ" ಎಂದರು ಗೋವಿಂದಯ್ಯ. ರಕ್ತ ಅವನ ಕತ್ತಿನಿಂದ ಇಳಿದು ಎದೆಯ ಮೇಲೆ ಒಣಗಿತ್ತು. ನನಗೆ ಬಂದಿದ್ದ ನಗು ಅಲ್ಲಿಗೆ ನಿಂತುಹೋಯಿತು.

"ಮಾದನ್ನ ಒಳೀಕೆ ಹಾಕ್ರಿ."

ಯಾರೂ ಕದಲಲಿಲ್ಲ. ಎಲ್ಲರೂ ಕಾಯುತ್ತಿದ್ದರು. ನಮ್ಮವರನ್ನು ಒಳಗೆ ಹಾಕುವ ಕೈ ಆ ಠಾಣೆಯಲ್ಲಿ ಒಂದೇ ಇತ್ತು, ಅದು ನನ್ನದು. ಗುರುಸಿದ್ದಯ್ಯ ಮೆಲ್ಲಗೆ ಹೇಳಿದ, "ನೀನೇ ಒಳೀಕ್ ಓಗ್ಬುಡು ಮಾದ. ನಿಂಗ್ ಜಾಗ ಗೊತ್ತಲ್ಲ."

ಕಾಲು ಆಗಲೇ ಒಂದು ಹೆಜ್ಜೆ ಇಟ್ಟಿತ್ತು. ಇಪ್ಪತ್ತು ವರ್ಷದ ಕಾಲು, ಹೇಳಿದ ಕಡೆಗೆ ಹೋಗುತ್ತದೆ. ನಿಲ್ಲಿಸಿದೆ.

"ನಾನ್ ಒಪ್ಪಕ್ಕಿಲ್ಲ" ಎಂದೆ. "ಮಾತ್ನಲ್ಲೂ ಒಪ್ಪಕ್ಕಿಲ್ಲ, ನಡೇಲೂ ಒಪ್ಪಕ್ಕಿಲ್ಲ. ನಲವತ್ತಾರು. ಮುಟ್ಟಿ."

ಗೋವಿಂದಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಕೆಂಪಾಯಿತು. "ಲೇ ದೊಡ್ಡಮಾದ! ಇವ್ನ ತೋಳ್ ಹಿಡ್ದು ಒಳೀಕ್ ತಳ್ಳಾ!"

ದೊಡ್ಡಮಾದ ನನ್ನ ಹತ್ತಿರ ಬಂದ. ನಾನು ಅವನನ್ನು ದೂರುವಂತಿರಲಿಲ್ಲ. ಅವನ ಜಾಗದಲ್ಲಿ ಇಷ್ಟು ವರ್ಷ ಇದ್ದವನು ನಾನು. ಅವನು ಕೈಯಲ್ಲಿದ್ದ ಲಾಠಿಯನ್ನು ಗೋಡೆಗೆ ಒರಗಿಸಿಟ್ಟ. ಮಣಿಕಟ್ಟಿನ ಹಗ್ಗದ ಗುರುತು ತೋರಿಸಿದ.

"ನಾ ಮುಟ್ಟಕ್ಕಿಲ್ಲ ಸಾ. ನಾನು ಕಳ್ಳ. ಬೆಳಗ್ಗೆ ಇವರೇ ದಸ್ತಗಿರಿ ಮಾಡವ್ರೆ, ಇನ್ನೂ ಬುಟ್ಟಿಲ್ಲ. ಕಳ್ಳ ಓಗಿ ಪೋಲೀಸ್ನ ಹಿಡಿಯದುಂಟಾ?"

ಯಾರೂ ನಗಲಿಲ್ಲ. ಅವನು ಅಂಗಳದ ನಡುವೆ ನೆಲಕ್ಕೆ ಕುಳಿತ. ಏಳು ಎಂದು ಗದರಿದರು. ಏಳಲಿಲ್ಲ. ಒದೆಯುತ್ತೇನೆ ಎಂದರು. "ಒದೀರಿ ಸಾ, ಇದು ನಾಟ್ಕ ತಾನೆ" ಎಂದ.

ಗೋವಿಂದಯ್ಯ ಗುರುಸಿದ್ದಯ್ಯನ ಕಡೆ ತಿರುಗಿದರು. ಬೆರಳು ತೋರಿಸಿದರು. ಗುರುಸಿದ್ದಯ್ಯ ಬಂದ. ಬೆಲ್ಟು ಸರಿಮಾಡಿಕೊಂಡ. ಕೆಮ್ಮಿದ. ನನ್ನ ಮುಖ ನೋಡಿದ, ನೆಲ ನೋಡಿದ. ಆಮೇಲೆ ನನ್ನ ತೋಳು ಹಿಡಿದ.

ಎಷ್ಟೋ ವರ್ಷ ಜೊತೆಯಲ್ಲಿ ಮಳೆ ಚಳಿ ಅನ್ನದೆ ತಿರುಗಿದವನ ಕೈ ಬಿಸಿ ಎಂದು ನನಗೆ ಅವತ್ತು ಗೊತ್ತಾಯಿತು. ನನಗೆ ಅಳು ಬಂತು. ಅವಮಾನಕ್ಕಲ್ಲ. ಇಷ್ಟಕ್ಕಾಗಿ ಇಪ್ಪತ್ತು ವರ್ಷವೇ ಎಂದು ಸಿಟ್ಟಿಗೆ ಬಂತು.

ಆಗ ಗೋವಿಂದಯ್ಯನ ಮುಖ ಬದಲಾಯಿತು. ದಸ್ತಗಿರಿಯಾದವನನ್ನು ಮರುದಿನ ಕೊಳ್ಳೇಗಾಲದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಅವನಿಗೆ ಬಾಯಿ ಇರುತ್ತದೆ. ಇದನ್ನು ನಾನು ಮೊದಲೇ ಲೆಕ್ಕ ಹಾಕಿದ್ದೆ ಎಂದರೆ ನನ್ನ ಮರ್ಯಾದೆ ಉಳಿಯುತ್ತದೆ. ಹಾಕಿರಲಿಲ್ಲ. ಅವರ ಮುಖ ನೋಡಿದ ಮೇಲೇ ನನಗೂ ಹೊಳೆದದ್ದು.

"ಲೇ ಮಾದ, ಜಾಮೀನು ಸಿಗೋ ಕೇಸು ಇದು. ಒಂದು ರುಜು ಹಾಕು, ಮನೆಗೋಗು."

"ರುಜು ಹಾಕಕ್ಕಿಲ್ಲ ಸಾ."

"ಅಂಗಾರೆ ಹಂಗೇ ಓಗು. ಬಿಡೋ ಗುರುಸಿದ್ದಯ್ಯ, ಬಿಡೋ ಅವನ್ನ. ಏನೂ ಆಗಿಲ್ಲ ಅನ್ಕೊ."

ಗುರುಸಿದ್ದಯ್ಯ ತನ್ನ ಕೈಯನ್ನೇ ನೋಡಿಕೊಂಡ. ಇನ್ನೇನು ಬಿಟ್ಟೇಬಿಡುತ್ತಾನೆ ಎಂದುಕೊಂಡೆ. ಅವನು ಹಿಡಿತ ಬಿಗಿ ಮಾಡಿದ.

"ಮುಟ್ಟಾಯ್ತಲ್ಲ ಸಾ" ಎಂದ.

ಮರುದಿನ ಅವನೇ ನನ್ನನ್ನೂ, ಇನ್ನೂ ಬಿಡುಗಡೆಯಾಗದ ಕಳ್ಳ ದೊಡ್ಡಮಾದನನ್ನೂ ಬಸ್ಸು ಹತ್ತಿಸಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದ. ಮ್ಯಾಜಿಸ್ಟ್ರೇಟರು ಓದುವ ಕನ್ನಡಕ ಏರಿಸಿದರು. ಮೊದಲು ನೋಡಿದ್ದು ನನ್ನನ್ನಲ್ಲ. ದೊಡ್ಡಮಾದನ ತಲೆಯನ್ನು ನೋಡಿದರು. ಪೆನ್ನು ತೆಗೆದುಕೊಂಡರು.

"ಯಾರು ಹೊಡೆದದ್ದು?"

ದೊಡ್ಡಮಾದ ಹುಟ್ಟಿದಾಗಿನಿಂದ ಆ ಮನೆಯವರ ಹೆಸರನ್ನು ಬಾಯಲ್ಲಿ ಆಡಿದವನಲ್ಲ. ಬುದ್ಧಿ, ಚಿಕ್ ಬುದ್ಧಿ, ದೊಡ್ ಬುದ್ಧಿ, ಅಷ್ಟೆ.

"ಕೆಂಪನಂಜ" ಎಂದ. ಮ್ಯಾಜಿಸ್ಟ್ರೇಟರು ಬರೆದುಕೊಂಡರು.